ಬಾಯಿ ಮುಚ್ಚಿದ ಕೂರಿಗೆ

ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ನನಗೊಂದು ರೋಗವಿತ್ತು. ನಾನು ಮಾಡಿದ ಸಾಮಾನು ಕೆಟ್ಟರೆ ಅದನ್ನು ಬಳಸಿದವರಿಗೆ ಬುದ್ಧಿಯಿಲ್ಲ ಎಂದು ನಂಬುವ ರೋಗ. ಬಿಜಾಪುರದಲ್ಲಿ ಡಿಪ್ಲೊಮಾ ಮುಗಿಸಿ ಬಸವನ ಬಾಗೇವಾಡಿಯ ಸಣ್ಣದೊಂದು ಕಾರಖಾನೆಗೆ ಸೇರಿದ್ದೆ. ಎಪ್ಪತ್ತರ ದಶಕದ ನಡುವಿನ ಮಾತು. ತಗಡಿನ ಸೂರು, ಒಂದು ಬೆಸುಗೆ ಯಂತ್ರ, ಒಂದು ಲೇತು, ನಾಲ್ಕು ಜನ ಕೆಲಸಗಾರರು. ಇಷ್ಟಕ್ಕೇ ಕಾರಖಾನೆ ಎಂದು ಹೆಸರು. ಎತ್ತಿನ ಗಾಡಿಯ ಅಚ್ಚು, ಕುಂಟೆ, ನೇಗಿಲಿನ ಗುಳ ರಿಪೇರಿ ಮಾಡುತ್ತಿದ್ದ ಮಾಲೀಕರಿಗೆ ತಾವೂ ಹೊಸದೊಂದು ಮಾಡಬೇಕೆಂಬ ಆಸೆ ಹುಟ್ಟಿತ್ತು. ಆ ಆಸೆಯನ್ನು ನನ್ನ ತಲೆಗೆ ಕಟ್ಟಿದರು.

ಹೊಸದು ಎಂದರೆ ಕಬ್ಬಿಣದ ಕೂರಿಗೆ. ಪೇಟೆಯ ಓದುಗರಿಗಾಗಿ ಹೇಳಿಬಿಡುತ್ತೇನೆ: ಕೂರಿಗೆ ಎಂದರೆ ಬೀಜ ಬಿತ್ತುವ ಸಲಕರಣೆ. ಹಳೆಯದು ಮರದ್ದು. ಕೆಳಗೆ ನೆಲ ಸೀಳುವ ಮೂರು ಹಲ್ಲು, ಪ್ರತಿ ಹಲ್ಲಿನ ಹಿಂದೆ ಒಂದು ಬಿದಿರಿನ ಕೊಳವೆ, ಮೂರೂ ಕೊಳವೆ ಮೇಲೆ ಬಂದು ಕೂಡುವಲ್ಲಿ ಒಂದು ಮರದ ಬಟ್ಟಲು. ಮುಂದೆ ಎತ್ತು ಎಳೆಯುತ್ತವೆ. ಹಿಂದೆ ಒಬ್ಬ ಹೆಣ್ಣುಮಗಳು ಉಡಿಯಲ್ಲಿ ಬೀಜ ಕಟ್ಟಿಕೊಂಡು, ನಡೆಯುತ್ತ ನಡೆಯುತ್ತ ಮುಷ್ಟಿಯಿಂದ ಆ ಬಟ್ಟಲಿಗೆ ಕಾಳು ಬಿಡುತ್ತಾಳೆ. ನಮ್ಮ ಕಡೆ ಬಿತ್ತುವ ಕೈ ಹೆಣ್ಣಿನದೇ.

ನನಗೆ ಇದನ್ನೆಲ್ಲ ಹತ್ತಿರದಿಂದ ನೋಡಿ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಮಾಸ್ತರಿಕೆ, ಕಾರಕೂನಿಕೆ. ಹೊಲವಿತ್ತು, ಪಾಲಿಗೆ ಹಾಕಿದ ಹೊಲ. ರಾಶಿಯಾದ ಮೇಲೆ ಜೋಳದ ಚೀಲ ಮನೆಗೆ ಬರುವುದನ್ನು ನೋಡಿದ್ದೆನೇ ಹೊರತು ಬಿತ್ತುವುದನ್ನು ಬಸ್ಸಿನ ಕಿಟಕಿಯಿಂದ ಕಂಡಿದ್ದೆ ಅಷ್ಟೆ. ಅಂಥವನು ಕೂರಿಗೆ ಮಾಡಲು ಕೂತರೆ ಏನಾಗಬೇಕೋ ಅದೇ ಆಯಿತು.

ಬಟ್ಟಲು ತೆಗೆದುಹಾಕಿದೆ. ಅದರ ಜಾಗದಲ್ಲಿ ತಗಡಿನ ಪೆಟ್ಟಿಗೆ ಕೂರಿಸಿ, ಒಳಗೆ ಕಾಳು ಹಿಡಿಯುವ ಗುಳಿಗಳಿರುವ ಉರುಳೆ ಇಟ್ಟು, ಪಕ್ಕಕ್ಕೆ ಜೋಡಿಸಿದ ಗಾಲಿ ತಿರುಗಿದಂತೆ ಸರಪಳಿಯಿಂದ ಉರುಳೆ ತಿರುಗಿ ಕಾಳು ತಾನಾಗಿ ಬೀಳುವಂತೆ ಮಾಡಿದೆ. ಕಬ್ಬಿಣದ ಕೊಳವೆಗಳನ್ನು ಮೇಲಿಂದ ಕೆಳಗಿನ ತನಕ ಬೆಸೆದೆ. ಹಕ್ಕಿ ಬಾಯಿ ಹಾಕಬಾರದು, ಕಾಳು ಸಿಡಿಯಬಾರದು ಎಂದು ಪೆಟ್ಟಿಗೆಗೆ ಮುಚ್ಚಳ, ಮುಚ್ಚಳಕ್ಕೆ ಕೊಂಡಿ. ಮೇಲೆ ಹಸಿರು ಬಣ್ಣ. ಕಾರಖಾನೆಯ ಹಿತ್ತಲಿನಲ್ಲಿ ಒಣ ಉಸುಕು ಹರವಿ ಎಳೆದು ನೋಡಿದೆವು. ಕಾಳುಗಳು ಸಾಲಾಗಿ ಬಿದ್ದವು. ನನಗೆ ಆ ದಿನ ಊಟ ಸೇರಲಿಲ್ಲ, ಅಷ್ಟು ಖುಷಿ.

ಮಾಲೀಕರು ಲೆಕ್ಕದ ಮನುಷ್ಯ, ಆದರೆ ಒಳ್ಳೆಯವರು. "ಛಂದ ಆಗೈತಿ. ಆದ್ರ ನಾವು ನೋಡಿದ್ರ ಏನಾತು? ನಾಕು ತಾಲೂಕಿಗೆ ನಾಕು ಕೊಡೂಣು. ಇಂಡಿಗೊಂದು, ಸಿಂದಗಿಗೊಂದು, ಮುದ್ದೇಬಿಹಾಳಕ್ಕೊಂದು, ನಮ್ಮ ಬಾಗೇವಾಡಿ ಕಡೆಗೊಂದು. ಹಿಂಗಾರಿ ಬಿತ್ತಿಗಿ ಆಗ್ಲಿ. ಅವರು ಹೂಂ ಅಂದ್ರ ಮುಂದ ಮಾಡೂಣು. ಇಲ್ಲಾಂದ್ರ ಗಾಡಿ ಅಚ್ಚು ಇದ್ದ ಐತಿ" ಎಂದರು.

ಬಾಗೇವಾಡಿ ಕಡೆಯ ಕೂರಿಗೆ ಹೋದದ್ದು ಇಂಗಳೇಶ್ವರದ ದಾರಿಯ ಒಂದು ಹಳ್ಳಿಗೆ. ಅದನ್ನು ಕೇಳಿಕೊಂಡು ಬಂದವನು ಆಲಮಟ್ಟಿಯ ಅಣೆಕಟ್ಟಿನ ಕೆಲಸದಲ್ಲಿದ್ದ ಒಬ್ಬ ಮೇಸ್ತ್ರಿ. ಅಲ್ಲಿ ದೊಡ್ಡ ದೊಡ್ಡ ಯಂತ್ರಗಳನ್ನು ನೋಡಿ ಕಬ್ಬಿಣದ ಮೇಲೆ ಭಕ್ತಿ ಬಂದಿತ್ತು ಅವನಿಗೆ. ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಉಳಿದ ದಿನ ಮನೆ, ದನ, ಎಂಟು ಎಕರೆ ಕರಿ ಎರೆ ಮಣ್ಣಿನ ಹೊಲ ಎಲ್ಲ ಅವನ ಹೆಂಡತಿಯ ಕೈಯಲ್ಲಿ. ಎತ್ತು ಹೂಡಲು ಅವಳ ಮೈದುನನಿದ್ದ. ನಾನು ಮಾತಾಡಿದ್ದು ಮೇಸ್ತ್ರಿಯ ಜೊತೆಗೆ ಮಾತ್ರ. ಕೂರಿಗೆ ತೋರಿಸಿದ್ದೂ ಅವನಿಗೇ, ಕಾಗದಕ್ಕೆ ಸಹಿ ಮಾಡಿಸಿಕೊಂಡಿದ್ದೂ ಅವನಿಂದಲೇ. "ಒಂದ್ ಸಾಲೂ ತಪ್ಪೂದಿಲ್ಲ, ನಂದು ಗ್ಯಾರಂಟಿ" ಎಂದು ಎದೆ ತಟ್ಟಿಕೊಂಡಿದ್ದೂ ಅವನ ಮುಂದೆಯೇ.

ಆ ಮಾತಿನ ಭಾರ ನನಗೆ ಗೊತ್ತಿರಲಿಲ್ಲ. ಹಿಂಗಾರಿ ಜೋಳವೆಂದರೆ ಮಳೆ ನಿಂತ ಮೇಲೆ ನೆಲದಲ್ಲಿ ಉಳಿದ ಹಸಿಯನ್ನು ನಂಬಿ ಬಿತ್ತುವ ಬೆಳೆ. ಹಸಿ ಇರುವಷ್ಟರಲ್ಲಿ ಕಾಳು ನೆಲಕ್ಕೆ ಬೀಳಬೇಕು. ಆ ಕೆಲವು ದಿನ ತಪ್ಪಿದರೆ ಹೊಲ ವರ್ಷವಿಡೀ ಬೋಳು. ಆ ಮನೆಯ ಆರು ಜನರ ವರ್ಷದ ರೊಟ್ಟಿ ಆ ಎಂಟು ಎಕರೆಯಲ್ಲೇ ಹುಟ್ಟಬೇಕಿತ್ತು.

ಬಿತ್ತಿಗೆಯ ದಿನ ಸೈಕಲ್ ಏರಿ ನಾನೇ ಹೋದೆ. ಕೂರಿಗೆಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು ಪೂಜೆ ಮಾಡಿದ್ದರು. ನನ್ನ ಹಸಿರು ಬಣ್ಣದ ಮೇಲೆ ಅರಿಶಿನ ಬಳಿದದ್ದು ನನಗೆ ಅಷ್ಟು ಸೇರಲಿಲ್ಲ. ಮೇಸ್ತ್ರಿಯ ಹೆಂಡತಿ ನಲವತ್ತರ ಆಸುಪಾಸಿನ, ಕುಳ್ಳಗಿನ, ಗಟ್ಟಿ ದನಿಯ ಹೆಣ್ಣುಮಗಳು. ಇಳಕಲ್ ಸೀರೆಯ ಕಚ್ಚೆ ಹಾಕಿ, ಉಡಿಯಲ್ಲಿ ಕಾಳು ಕಟ್ಟಿಕೊಂಡು ತಯಾರಾಗಿ ನಿಂತಿದ್ದಳು.

"ಅಕ್ಕಾರ, ನಿಮಗ ಇನ್ನ ಕೆಲಸ ಇಲ್ಲ. ಕಾಳು ತಾನ ಬೀಳ್ತಾವು. ನೀವು ನೆರಳಾಗ ಕೂಡ್ರಿ" ಎಂದೆ. ದೊಡ್ಡ ಉಪಕಾರ ಮಾಡಿದವನ ಹಾಗೆ ನಗುತ್ತ ಹೇಳಿದೆ.

"ಬಿತ್ತೂ ದಿನ ನೆರಳಾಗ ಕುಂತ್ರ ಭೂಮಿತಾಯಿ ಏನಂದಾಳು?" ಎಂದು ಅವಳು ಕೂರಿಗೆಯ ಹಿಂದೆ ನಡೆಯತೊಡಗಿದಳು. ಮಾಡಲು ಏನೂ ಇಲ್ಲದೆ ನಡೆದಳು. ನಾಲ್ಕು ಸುತ್ತು ಆದ ಮೇಲೆ ಎತ್ತು ನಿಲ್ಲಿಸಲು ಹೇಳಿ ನನ್ನ ಹತ್ತಿರ ಬಂದಳು. "ಇದರ ಬಾಯಿ ಮುಚ್ಚಿಬಿಟ್ಟೀರಲ್ರಿ. ಕಾಳು ಬೀಳಾಕತ್ತಾವೋ ಇಲ್ಲೋ ನನಗ ಹ್ಯಾಂಗ ಗೊತ್ತಾಗಬೇಕು?"

"ಗೊತ್ತಾಗೂದು ಬ್ಯಾಡ್ರಿ. ಬೀಳ್ತಾವು" ಎಂದೆ.

ಅವಳು ನನ್ನ ಮುಖ ನೋಡಿದಳು, ಪೆಟ್ಟಿಗೆಯ ಕೊಂಡಿ ನೋಡಿದಳು, ಮತ್ತೆ ಕೂರಿಗೆಯ ಹಿಂದೆ ಹೋದಳು. ಸಂಜೆಗೆ ಮುಚ್ಚಳ ತೆಗೆದಾಗ ಕಾಳು ಉಳಿದಿದ್ದವು. ಎಷ್ಟು ಎಕರೆಗೆ ಎಷ್ಟು ಕಾಳು ಹಿಡಿಯುತ್ತದೆ ಎಂಬುದು ಅವಳಿಗೆ ಬಾಯಿಪಾಠ. "ಇಷ್ಟು ಉಳೀಬಾರದಿತ್ತು" ಎಂದಳು. ನಾನು ಎಂಥ ಶಾಣ್ಯಾ ಎಂದರೆ, "ಅದು ಯಂತ್ರದ ಉಳಿತಾಯ ಅಕ್ಕಾರ. ಕೈಲೆ ಬಿತ್ತಿದ್ರ ಹೆಚ್ಚ ಬೀಳ್ತಿದ್ವು" ಎಂದು ವಿವರಿಸಿದೆ. ಅದನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಕೂರಿಗೆಯ ಹಿಂದೆಯೇ ಕುಂಟೆ ಹೊಡೆದು ಸಾಲುಗಳನ್ನು ಮುಚ್ಚಿದ್ದರು. ನೆಲದೊಳಗೆ ಏನಿದೆ, ಏನಿಲ್ಲ ಎಂದು ನೋಡುವ ದಾರಿ ಯಾರಿಗೂ ಉಳಿದಿರಲಿಲ್ಲ. ಉಳಿದ ಹೊಲವನ್ನು ಮರುದಿನ ಅದೇ ಥರ ಬಿತ್ತಿ ಮುಗಿಸಿದರು.

ಎಂಟನೇ ದಿನ ಮೈದುನ ಸೈಕಲ್ ಹೊಡೆದುಕೊಂಡು ಕಾರಖಾನೆಗೆ ಬಂದ. ಬೆವರಿದ್ದ. "ಹೊಲ ಅರ್ಧಾಮರ್ಧಾ ನಾಟೈತ್ರಿ, ಉಳಿದಿದ್ದು ಮೊಳಕೀನ ಒಡದಿಲ್ಲ. ಅತ್ತಿಗಿ ನಿಮ್ಮನ್ನ ಕರಕೊಂಡ ಬಾ ಅಂದಾರ" ಎಂದ. ಮಾಲೀಕರು ನನ್ನ ಕಡೆ ನೋಡಿದರು. ನಾನು ಸೈಕಲ್ ತೆಗೆದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಉತ್ತರ ಜೋಡಿಸುತ್ತ ಹೋದೆ: ಬೀಜ ಹುಳುಕಾಗಿರಬೇಕು, ಎತ್ತು ಸೊಟ್ಟ ಹೋಗಿರಬೇಕು, ನೆಲ ಹೆಚ್ಚು ಹಸಿಯಿತ್ತು.

ಹೊಲದ ಬದುವಿನಲ್ಲಿ ನಿಂತು ನೋಡಿದೆ. ಎಳೆಯ ಜೋಳದ ಹಸಿರು ಗೆರೆಗಳ ನಡುವೆ ಕರಿ ಗೆರೆಗಳು. ಒಂದು ಕಡೆ ಎರಡು ಸಾಲು ಹಸಿರು ಒಂದು ಸಾಲು ಬೋಳು. ಇನ್ನೊಂದು ಕಡೆ ಎರಡು ಬೋಳು, ಒಂದೇ ಹಸಿರು. ಆದರೂ ನನ್ನ ನಾಲಿಗೆ ಸೋಲಲಿಲ್ಲ. ದಾರಿಯಲ್ಲಿ ಜೋಡಿಸಿಕೊಂಡಿದ್ದನ್ನೆಲ್ಲ ಹೇಳಿದೆ. ಬೀಜ ಎಂದೆ, ಎತ್ತು ಎಂದೆ, ನೆಲ ಎಂದೆ.

ಅವಳು ಪೂರಾ ಕೇಳಿಸಿಕೊಂಡಳು. "ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ" ಎಂದಳು. ಸಿಟ್ಟಿನಿಂದಲ್ಲ, ನಕ್ಕೂ ಅಲ್ಲ. ಆಮೇಲೆ ದನಿ ಇಳಿಸಿ, "ಇಂಜಿನೇರ್ರ, ಹಸಿ ಇನ್ನ ನಾಕ ದಿನ ಇದ್ದೀತು. ನೀವು ನನ್ನ ಗಂಡಗ ಗ್ಯಾರಂಟಿ ಕೊಟ್ಟೀರಿ. ನಾ ಮಕ್ಕಳಿಗೆ ಏನ್ ಗ್ಯಾರಂಟಿ ಕೊಡ್ಲಿ?" ಎಂದಳು.

ಬೈದಿದ್ದರೆ ನಾನು ತಿರುಗಿ ಜಗಳವಾಡುತ್ತಿದ್ದೆ. ಅದರಲ್ಲಿ ನನ್ನದು ಪಳಗಿದ ಕೈ.  ಈ ಮಾತಿಗೆ ಮೊದಲ ಸಲ ನನಗೆ ಹೆದರಿಕೆಯಾಯಿತು, ನಾಚಿಕೆಯೂ ಆಯಿತು.

ಕೂರಿಗೆ ಬದುವಿನ ಮೇಲೆ ಮಲಗಿತ್ತು. ಕೊಳವೆಯ ತುದಿಗೆ ಬೆರಳು ಹಾಕಿದೆ. ಒಣಗಿದ ಎರೆ ಮಣ್ಣು ಬಿರಡೆಯ ಹಾಗೆ ಕೂತಿತ್ತು. ಹೊಲದ ಕೊನೆಯಲ್ಲಿ ತಿರುಗಿಸಿ ಕೂರಿಗೆ ಕೆಳಗಿಟ್ಟಾಗಲೆಲ್ಲ ಅಂಟು ಮಣ್ಣು ಒಂದಲ್ಲ ಒಂದು ಕೊಳವೆಯ ಬಾಯಿಗೆ ಮೆತ್ತಿಕೊಂಡಿದೆ. ಮೇಲೆ ಉರುಳೆ ತಿರುಗುತ್ತಲೇ ಇತ್ತು. ಕೆಳಗೆ ಕಾಳು ಬೀಳುತ್ತಿರಲಿಲ್ಲ. ಕಾರಖಾನೆಯ ಒಣ ಉಸುಕು ಯಾವ ಕೊಳವೆಗೂ ಮೆತ್ತಿಕೊಂಡಿರಲಿಲ್ಲ ನೋಡಿ!

"ಹಳೇ ಕೂರಿಗಿಗೆ ಮಣ್ಣು ಹಿಡೀತಿದ್ದಿಲ್ಲೇನ್ರಿ?" ಎಂದು ಕೇಳಿದೆ.

"ಹಿಡೀತಿತ್ತು. ದಿನಕ್ಕ ಹತ್ತ ಸಲ ಹಿಡೀತಿತ್ತು."

"ಮತ್ತ?"

 ಅವಳು ಮೈದುನನಿಗೆ ಹೇಳಿ ಹಳೆಯ ಮರದ ಕೂರಿಗೆ ತರಿಸಿ ಬದುವಿನ ಪಕ್ಕದ ಖಾಲಿ ಪಟ್ಟಿಯಲ್ಲಿ ಎತ್ತು ಹೂಡಿಸಿದಳು. ನನ್ನ ಅಂಗಿಯ ತುದಿಯನ್ನು ಹಿಡಿಸಿ ಅದರಲ್ಲಿ ಕಾಳು ಸುರಿದಳು. "ನಡೀರಿ. ಬಿತ್ತರಿ" ಎಂದಳು.

ಅಂಗಿಯಲ್ಲಿ ಕಾಳು ಹಿಡಿದುಕೊಂಡು ಎತ್ತಿನ ಹಿಂದೆ ಹೊರಟ ನನ್ನನ್ನು ನೋಡಿ ಪಕ್ಕದ ಹೊಲದವರು ಕೆಲಸ ಬಿಟ್ಟು ನಿಂತರು. ಮುಷ್ಟಿ ಸಡಿಲ ಮಾಡಿದರೆ ಕಾಳು ರಾಶಿ ಬೀಳುತ್ತಿತ್ತು, ಬಿಗಿ ಮಾಡಿದರೆ ನಿಲ್ಲುತ್ತಿತ್ತು. ಅವಳು ಪಕ್ಕದಲ್ಲೇ ನಡೆಯುತ್ತ, "ಕಣ್ಣಿಲೆ ನೋಡಬ್ಯಾಡ್ರಿ, ಬೆರಳು ಬಟ್ಟಲದಾಗ ಇಡ್ರಿ" ಎಂದಳು. ಇಟ್ಟೆ. ಕಾಳು ಬೆರಳ ಸಂದಿಯಿಂದ ಜಾರಿ ಮೂರು ತೂತಿನಲ್ಲಿ ಇಳಿಯುವುದು ತಿಳಿಯುತ್ತಿತ್ತು. ಅರ್ಧ ಸಾಲಿಗೆ ಬಂದಾಗ ಕಿರುಬೆರಳ ಕಡೆಯ ತೂತಿನಲ್ಲಿ ಕಾಳು ಇಳಿಯದೆ ಬೆರಳಿಗೆ ಒತ್ತಿಕೊಂಡು ನಿಂತವು. ಕಣ್ಣಿಗೆ ಏನೂ ಕಂಡಿರಲಿಲ್ಲ. "ನಿಂತಾವು! ಇಲ್ಲಿ ನಿಂತಾವು!" ಎಂದು ಕೂಗಿಬಿಟ್ಟೆ.

"ಹಾಂ" ಎಂದಳು. ಎತ್ತು ನಿಂತವು. ಮೈದುನ ಒಂದು ಜೋಳದ ದಂಟಿನಿಂದ ಕೊಳವೆಯ ಬಾಯಿ ಕೆದರಿದ. ಕಾಳು ಮತ್ತೆ ಇಳಿಯತೊಡಗಿದವು. ಅಷ್ಟೇ. ಹತ್ತು ಎಣಿಸುವಷ್ಟು ಹೊತ್ತು ಆಗಲಿಲ್ಲ.

ನಾನು ಇಲ್ಲವಾಗಿಸಲು ಹೊರಟಿದ್ದು ಇದನ್ನು. ಅವಳ ಕೈ ದಣಿಯುತ್ತದೆ, ಅದನ್ನು ತಪ್ಪಿಸಬೇಕು ಎಂದು ಲೆಕ್ಕ ಹಾಕಿದ್ದೆ; ಆ ಕೈಗೆ ಏನು ಗೊತ್ತಾಗುತ್ತಿದೆ ಎಂದು ಕೇಳಿರಲಿಲ್ಲ. ಕೇಳಬೇಕು ಎಂಬುದೇ ಹೊಳೆದಿರಲಿಲ್ಲ. ಗಿರಾಕಿ ಎಂದರೆ ಸಹಿ ಮಾಡುವವನು ಎಂದುಕೊಂಡಿದ್ದೆ. ಸಹಿ ಮಾಡಿದವನು ಆಲಮಟ್ಟಿಯಲ್ಲಿ ಕಲ್ಲು ಕೂರಿಸುತ್ತಿದ್ದ.

ಕೊರಗುತ್ತ ಕೂರಲು ಹೊತ್ತಿರಲಿಲ್ಲ. ಬಾಗೇವಾಡಿಗೆ ಹೋಗಿ ಗರಗಸ, ನಟ್ಟು ಬಿಚ್ಚುವ ಪಾನಾ, ತಗಡು ತಂದೆ. ನಾನು ಬೆಸೆದಿದ್ದ ಕೊಳವೆಯನ್ನು ಅದೇ ಹೊಲದಲ್ಲಿ ನಾನೇ ಕೊಯ್ದೆ. ಎರಡು ಹಲ್ಲು ಬಿಚ್ಚಿ ಒಂದೇ ಉಳಿಸಿದೆ, ಏಕೆಂದರೆ ಈಗ ಬಿತ್ತಬೇಕಾದದ್ದು ಬೋಳು ಸಾಲುಗಳನ್ನು ಮಾತ್ರ. ಪೆಟ್ಟಿಗೆ ಕಿತ್ತು ಕೆಳಗಿಟ್ಟು ಹಳೆಯ ಕೂರಿಗೆಯ ಬಟ್ಟಲನ್ನು ತಗಡಿನ ಪಟ್ಟಿ ಸುತ್ತಿ ಕೂರಿಸಿ, ಅದರ ಎರಡು ತೂತು ಮುಚ್ಚಿದೆ. "ಎತ್ತರ ಆತು" ಎಂದಳು, ಇಳಿಸಿದೆ. "ಈ ಅಂಚು ಬೆರಳು ಕೊಯ್ತೈತಿ" ಎಂದಳು, ಮಡಚಿ ಬಡಿದೆ. ಒಂದೊಂದು ಮಾತಿಗೂ ಮೊದಲಿನ ನಾನಾಗಿದ್ದರೆ ಹತ್ತು ಉತ್ತರ ಕೊಡುತ್ತಿದ್ದೆ. ಅವತ್ತು ಸುತ್ತಿಗೆ ಎತ್ತಿದೆ, ಅಷ್ಟೆ.

ಮರುದಿನ ಬೆಳಿಗ್ಗೆಯಿಂದ ಮೈದುನ ಎಳೆಯ ಪೈರು ತುಳಿಯದಂತೆ ಎತ್ತುಗಳನ್ನು ಸಾಲಿನ ನಡುವೆ ನಡೆಸಿದ. ಅವಳು ಹಿಂದೆ ಬಿತ್ತುತ್ತ ಹೋದಳು. ನಾನು ಒಂದು ದಂಟು ಹಿಡಿದು ಪಕ್ಕದಲ್ಲಿ ನಡೆದೆ. "ನಿಲ್ಲು" ಎಂದಾಗ ಕೊಳವೆ ಕೆದರುವುದು ನನ್ನ ಕೆಲಸ. ಮಧ್ಯಾಹ್ನ ಬದುವಿನ ಮೇಲೆ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ ಕೊಟ್ಟಳು. "ಉಣ್ಣು ತಮ್ಮಾ" ಎಂದಳು. ಇಂಜಿನೇರ್ರ ಹೋಗಿ ತಮ್ಮ ಆಗಿದ್ದೆ. ಮೂರನೇ ದಿನ ಸಂಜೆಗೆ ಕೊನೆಯ ಬೋಳು ಸಾಲಿಗೆ ಕಾಳು ಬಿತ್ತು. ಹಸಿ ಇನ್ನೂ ಇತ್ತು, ಅಂಗೈಯಲ್ಲಿ ಮಣ್ಣು ಉಂಡೆ ಕಟ್ಟುತ್ತಿತ್ತು. ಆದರೆ ಬಿತ್ತಿದ್ದೆಲ್ಲ ನಾಟೀತು ಎಂದು ಈ ಸಲ ನಾನು ಯಾರಿಗೂ ಗ್ಯಾರಂಟಿ ಕೊಡಲಿಲ್ಲ.

ಮಾಲೀಕರ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಪೆಟ್ಟಿಗಿಗೆ ಮುಚ್ಚಳ, ಕೊಳವಿಗೆ ಬೆಸಿಗಿ, ಇಷ್ಟೆಲ್ಲಾ ಯಾಕ ಮುಚ್ಚಿದ್ದಿಪಾ?"

"ಛಂದ ಕಾಣಲಿ ಅಂತರೀ."

"ಯಾರಿಗೆ?"

"ನನಗರೀ" ಎಂದೆ. ಅವರು ಬೈಯಲಿಲ್ಲ. ಬಸ್ಸಿಗೆ ಹಣ ಕೊಟ್ಟು ಉಳಿದ ಮೂರೂ ಊರಿಗೆ ಹೋಗಿ ಬಾ ಎಂದರು.

ಇಂಡಿಯ ಹಳ್ಳಿಯದು ಹಗುರ ನೆಲ, ಕೊಳವೆ ಕಟ್ಟಿರಲಿಲ್ಲ. ಮನೆಯ ಯಜಮಾನ "ಛಲೋ ಐತ್ರಿ" ಎಂದು ಕಳಿಸಿಬಿಡುತ್ತಿದ್ದ. ನಾನು ಬಿತ್ತಿದವರನ್ನು ಕರೆಯಿರಿ ಎಂದು ಪಟ್ಟು ಹಿಡಿದೆ. ಸೊಸೆ ಹೊರಗೆ ಬಂದಳು. ಸೀರೆಯ ಅಂಚನ್ನು ಮುಂದೆ ಚಾಚಿ ತೋರಿಸಿದಳು. ನನ್ನ ಸರಪಳಿ ಗೇಣುದ್ದ ಸೀರೆ ಹರಿದಿತ್ತು. ಸಿಂದಗಿಯಲ್ಲಿ ಯಜಮಾನ ಸಿಟ್ಟಿಗೆದ್ದ. "ರೊಕ್ಕಾ ಕೊಡಾಂವ ನಾ. ನನ್ನ ಕೇಳೂದ ಬಿಟ್ಟು ಹೆಣಮಕ್ಕಳ್ನ ಯಾಕ ಕೇಳ್ತೀರಿ?" ಎಂದ. ಒಳಗಿನಿಂದ ಅವನ ಅವ್ವನ ದನಿ ಬಂತು: "ಬಿತ್ತಾಕಿ ನಾ. ನೀ ಸುಮ್ಮ ಕೂಡು!" ಆಮೇಲೆ ಅರ್ಧ ತಾಸು ಅವನು ಸುಮ್ಮನೆ ಕೂತ, ಮುದುಕಿ ಹೇಳಿದಳು, ನಾನು ಬರೆದುಕೊಂಡೆ. ಮುದ್ದೇಬಿಹಾಳದಲ್ಲಿ ಜೋಳದ ನಡುವೆ ಅಲ್ಲಲ್ಲಿ ಒಂದು ಸಾಲು ಕುಸುಬಿ ಬಿತ್ತುವ ರೂಢಿ. ಮೂರೂ ಕೊಳವೆಗೆ ಒಂದೇ ಪೆಟ್ಟಿಗೆ ಮಾಡಿದವನಿಗೆ ಇದು ಕನಸಿನಲ್ಲಾದರೂ ಹೊಳೆದಿತ್ತೇ? ಅಲ್ಲಿಯ ಹೆಣ್ಣುಮಕ್ಕಳು ನನ್ನ ಪೆಟ್ಟಿಗೆಯನ್ನು ಬಿಚ್ಚಿ ಕೋಳಿ ಕವುಚಿ ಹಾಕಲು ಇಟ್ಟುಕೊಂಡಿದ್ದರು. ಮೊದಲು ನನಗೆ ಮೈ ಉರಿಯಿತು, ಆಮೇಲೆ ನಾನೂ ಅವರ ಜೊತೆ ನಕ್ಕೆ.

ತಾಳಿಕೋಟೆಯ ಮೇಲಿನಿಂದ ಬಸ್ಸಿನಲ್ಲಿ ಮರಳುವಾಗ ಹೊಸ ಕೂರಿಗೆ ತಲೆಯಲ್ಲಿ ತಯಾರಾಗಿತ್ತು. ಉರುಳೆಯಿರಲಿ, ಆದರೆ ಕಾಳು ಉರುಳೆಯಿಂದ ನೇರವಾಗಿ ಕೊಳವೆಗೆ ಹೋಗದೆ ಬಿತ್ತುವವಳ ಎದುರಿನ ತೆರೆದ ಮೂರು ಬಟ್ಟಲಿಗೆ ಬೀಳಲಿ. ಅವಳು ನೋಡಲಿ, ಬೇಕಾದರೆ ಬೆರಳಿಡಲಿ, ಬೇಕಾದ ಬಟ್ಟಲಿಗೆ ಬೇರೆ ಬೀಜ ಬಿಡಲಿ. ಕೊಳವೆ ಪಾನಾ ಇಲ್ಲದೆ ಕೈಯಿಂದಲೇ ಬಿಚ್ಚುವಂತಿರಲಿ. ಸರಪಳಿಗೆ ಮಾತ್ರ ಮುಚ್ಚಳ ಇರಲಿ. ಇದರಲ್ಲಿ ನನ್ನ ಬುದ್ಧಿ ಕಾಲುಪಾಲೂ ಇರಲಿಲ್ಲ, ಆದರೂ ಹೆಮ್ಮೆ ಮೊದಲಿಗಿಂತ ಹೆಚ್ಚಾಯಿತು.

ಆ ಚಳಿಗಾಲದಲ್ಲಿ ಆ ದಾರಿಯಲ್ಲಿ ಹೋದಾಗಲೆಲ್ಲ ನನ್ನ ಕಣ್ಣು ಆ ಹೊಲಕ್ಕೇ. ಬೋಳು ಸಾಲುಗಳು ನಾಟಿದವು. ಆದರೆ ಹತ್ತು ದಿನ ತಡವಾಗಿ ಬಿತ್ತಿದವು ಹಿಂದೆಯೇ ಉಳಿದವು. ಎತ್ತರದ ಸಾಲುಗಳ ನಡುವೆ ಮೊಳ ಗಿಡ್ಡ ಸಾಲುಗಳು. ನನ್ನ ತಪ್ಪು ಎಷ್ಟೆಷ್ಟು ಉದ್ದ, ಎಲ್ಲೆಲ್ಲಿ ಎಂದು ಬಸ್ಸಿನಲ್ಲಿ ಕೂತವರೂ ಎಣಿಸಬಹುದಿತ್ತು. ಅವು ತೆನೆ ಕಟ್ಟುತ್ತವೋ ಇಲ್ಲವೋ ಎಂದು ಕೇಳಲು ಧೈರ್ಯ ಸಾಲದೆ ನಾನು ಸೈಕಲ್ ಇಳಿಯದೆ ಹೋಗಿಬಿಡುತ್ತಿದ್ದೆ.

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ನಮ್ಮ ಕಡೆ ಹೊಲ ಹೊಲದಲ್ಲಿ ಸೀತನಿಯ ಹಬ್ಬ. ಜೋಳದ ತೆನೆ ಇನ್ನೂ ಹಾಲುಗಾಳಿರುವಾಗ ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿ ಬಿಸಿಯಾಗಿ ತಿನ್ನುವುದು ಸೀತನಿ. ಅದು ಕೆಲವೇ ದಿನಗಳ ಭಾಗ್ಯ. ಕಾಳು ಬಲಿತು ಗಟ್ಟಿಯಾದರೆ ಮುಗಿಯಿತು. ಆ ವರ್ಷ ಎಲ್ಲರ ಹೊಲದಲ್ಲೂ ಸೀತನಿ ಮುಗಿದು ವಾರ ಕಳೆದಿತ್ತು. ಮೈದುನ ಮತ್ತೆ ಕಾರಖಾನೆಗೆ ಬಂದ. "ಅತ್ತಿಗಿ ಕರಕೊಂಡ ಬಾ ಅಂದಾರ್ರಿ" ಎಂದ, ಹಿಂದಿನ ಸಲದ ಹಾಗೆಯೇ. ಗಿಡ್ಡ ಸಾಲುಗಳು ತೆನೆ ಕಟ್ಟಿಲ್ಲವೇನೋ ಎಂದುಕೊಂಡೇ ಸೈಕಲ್ ಏರಿದೆ.

ಹೊಲದಲ್ಲಿ ಕೆಂಡದ ಸುತ್ತ ಮನೆಯವರೆಲ್ಲ ಕೂತಿದ್ದರು, ಆಲಮಟ್ಟಿಯ ಮೇಸ್ತ್ರಿಯೂ ಇದ್ದ. ಅಕ್ಕ ಕುಡುಗೋಲು ಹಿಡಿದು ಎತ್ತರದ ಸಾಲುಗಳನ್ನು ದಾಟಿಕೊಂಡು ಗಿಡ್ಡ ಸಾಲಿನ ಒಳಗೆ ಹೋದಳು. ಉಡಿ ತುಂಬ ಹಸಿರು ತೆನೆ ಕೊಯ್ದು ತಂದು ಕೆಂಡದಲ್ಲಿ ಹುಗಿದಳು. ಗೋಣಿಯ ಮೇಲೆ ಬಡಿದಳು, ಊದಿದಳು. ಮೊದಲ ಬೊಗಸೆಯನ್ನು ಮಕ್ಕಳಿಗೂ ಕೊಡಲಿಲ್ಲ, ಗಂಡನಿಗೂ ಕೊಡಲಿಲ್ಲ.

"ಕೈ ಹಿಡಿ ತಮ್ಮಾ" ಎಂದಳು. "ಊರಾಗ ಎಲ್ಲಾರ ಹೊಲದಾಗ ಸೀತನಿ ಮುಗದಾವು. ನಮ್ಮ ಹೊಲದಾಗ ಇನ್ನ ಅದಾವು. ಇವು ನಿನ್ನ ಸಾಲಿನವು."

ನಾನು ತಿಂದೆ. ಕಾಳು ಎಳೆಯದಾಗಿದ್ದವು, ಸಿಹಿಯಾಗಿದ್ದವು.